ದಾರಿಗೆ ಬೇಲಿ ಬಿದ್ದರೆ ಏನು ಮಾಡಬೇಕು? ಮಂಗಳೂರು, ಉಡುಪಿ ಕಡೆಯವರಿಗೆ ದಾರಿ ಹಕ್ಕಿನ ಸಮಗ್ರ ಮಾರ್ಗದರ್ಶಿ

ಮನೆಗೆ ಹೋಗುವ ದಾರಿಗೆ ಬೇಲಿ ಬಿತ್ತು ಅಂದಾಗ ನಮ್ಮ ಊರುಗಳಲ್ಲಿ ಏನಾಗುತ್ತದೆ ಅಂತ ಗೊತ್ತೇ ಇದೆಯಲ್ವಾ? ಒಬ್ಬರು ಕತ್ತಿ ಹಿಡಿದು ಬೇಲಿ ಕಡಿಯಲು ಹೊರಡುತ್ತಾರೆ. ಇನ್ನೊಬ್ಬರು ಪೊಲೀಸ್ ಸ್ಟೇಶನ್‌ಗೆ ಓಡುತ್ತಾರೆ, ಅಲ್ಲಿ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಅಂತ ವಾಪಸ್ ಕಳಿಸುತ್ತಾರೆ. ಮತ್ತೊಬ್ಬರು ಪಂಚಾಯತ್ ಮೆಂಬರಿಗೆ ಫೋನ್ ಮಾಡಿ, "ನೋಡುವ ಮಾರಾಯ್ರೇ" ಎಂಬ ಉತ್ತರ ಕೇಳಿ, ಸುತ್ತು ದಾರಿ ಹಿಡಿದು ಸುಮ್ಮನಾಗುತ್ತಾರೆ. ಈ ಮೂವರಲ್ಲಿ ಜಾಸ್ತಿ ಕಳೆದುಕೊಳ್ಳುವವರು ಸುಮ್ಮನಾದವರೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಘಟ್ಟದ ಮೇಲಿನ ಹಾಗೆ ನಮ್ಮಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿಲ್ಲ. ಒಂದು ಮನೆ ಗುಡ್ಡೆಯ ಬದಿಗೆ, ಇನ್ನೊಂದು ಬೈಲಿನ ಆಚೆ, ಮತ್ತೊಂದು ತೋಡಿನ ಕರೆಯಲ್ಲಿ. ಹಾಗಾಗಿ ಡಾಮರು ರಸ್ತೆಯಿಂದ ಮನೆಗೆ ಹೋಗಬೇಕಾದರೆ ಯಾರದ್ದೋ ಗದ್ದೆಯ ಹುಣಿ, ಯಾರದ್ದೋ ತೋಟದ ಅಂಚು, ನಡುವೆ ಒಂದು ಕಾಲುಸಂಕ, ಇದನ್ನೆಲ್ಲ ದಾಟಲೇಬೇಕು. ಹಿಂದೆ ಇದು ಸಮಸ್ಯೆ ಆಗಿರಲಿಲ್ಲ. ಎಷ್ಟೋ ಕಡೆ ಇಡೀ ಬೈಲು ಒಬ್ಬರೇ ಧಣಿಗಳ ವರ್ಗ (ಪಟ್ಟಾ) ಜಾಗ, ಒಕ್ಕಲುಗಳೆಲ್ಲ ಅದರಲ್ಲೇ ನಡೆಯುತ್ತಿದ್ದರು. 1974ರ ಮಾರ್ಚ್ 1ಕ್ಕೆ ಗೇಣಿ ಜಾಗಗಳು ಸರಕಾರಕ್ಕೆ ಸೇರಿದವು, ಆಮೇಲೆ ಭೂ ನ್ಯಾಯಮಂಡಳಿಗಳು ಅದನ್ನು ಒಕ್ಕಲುಗಳ ಹೆಸರಿಗೆ ಮಾಡಿಕೊಟ್ಟವು. ಜಾಗ ಬಂತು, ದಾಖಲೆ ಬಂತು, ಆದರೆ ಆ ಜಾಗಕ್ಕೆ ಹೋಗುವ ದಾರಿಯನ್ನು ಹೆಚ್ಚಿನ ಕಡೆ ಯಾರೂ ಬರೆದಿಡಲಿಲ್ಲ. ಎಲ್ಲರೂ ನಡೆಯುತ್ತಿದ್ದರಲ್ಲ, ಬರೆಯುವುದೇನು ಅಂತ. ಈಗ ಅಣ್ಣತಮ್ಮಂದಿರ ಪಾಲಾಗಿದೆ, ಮುಂಬೈಯಲ್ಲಿರುವವರು ತಮ್ಮ ಪಾಲು ಮಾರಿದ್ದಾರೆ, ಕೊಂಡವರಿಗೆ ಊರಿನ ಹಳೆಯ ವಿಷಯ ಗೊತ್ತಿಲ್ಲ. ಅವರು ಮೊದಲು ಮಾಡುವ ಕೆಲಸ ಸುತ್ತ ಪಾಗಾರ ಕಟ್ಟುವುದು.

ಇಂಗ್ಲೆಂಡಿನಲ್ಲಿ 1949ರಲ್ಲಿ ಕಾಯ್ದೆ ಮಾಡಿ, ಸಾರ್ವಜನಿಕ ಕಾಲುದಾರಿಗಳಿಗೇ ಅಂತ ಅಧಿಕೃತ ನಕ್ಷೆ ತಯಾರಿಸಲು ಶುರು ಮಾಡಿದರು. ನಮ್ಮಲ್ಲಿ ಅಂಥ ಪ್ರತ್ಯೇಕ ನಕ್ಷೆ ಇಲ್ಲ. ಇರುವುದು ಗ್ರಾಮ ನಕ್ಷೆ, ಎಫ್‌ಎಂಬಿ (ಒಂದೊಂದು ಸರ್ವೆ ನಂಬರಿನ ಅಳತೆ ಸ್ಕೆಚ್), ಹಳೆಯ ಪತ್ರಗಳು, ಮತ್ತೆ ಊರಿನ ಹಿರಿಯರ ನೆನಪು. ಇವುಗಳಿಂದಲೇ ಕೆಲಸ ಆಗಬೇಕು.

ಮೊದಲು ತಿಳಿಯಬೇಕಾದ್ದು: ಇದು ಯಾವ ಬಗೆಯ ದಾರಿ?

ಇದೊಂದು ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೊಂದು ಬಗೆಯ ದಾರಿಗೆ ಒಂದೊಂದು ಕಚೇರಿ, ಒಂದೊಂದು ಕಾನೂನು. ತಪ್ಪಿದ ಕಚೇರಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆದವರು ತುಂಬಾ ಜನ ಇದ್ದಾರೆ.

ಮೊದಲನೆಯದು ಸಾರ್ವಜನಿಕ ದಾರಿ. ಗ್ರಾಮ ನಕ್ಷೆಯಲ್ಲಿ ಇರುವ ದಾರಿ, ಪರಂಬೋಕಿನಲ್ಲಿ (ಸರಕಾರಿ ಜಾಗದಲ್ಲಿ) ಇರುವ ದಾರಿ, ಬಿ ಖರಾಬ್ (ಸಾರ್ವಜನಿಕ ಉಪಯೋಗದ ಜಾಗ) ಅಂತ ಬಿಟ್ಟ ದಾರಿ, ಪಂಚಾಯತ್ ರಸ್ತೆ, ಇವೆಲ್ಲ ಇದರಲ್ಲಿ ಬರುತ್ತವೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಸೆಕ್ಷನ್ 67 ಪ್ರಕಾರ, ಖಾಸಗಿಯವರದ್ದಲ್ಲದ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರಕಾರದ ಸ್ವತ್ತು. ಇಂಥ ದಾರಿಯನ್ನು ಪಕ್ಕದ ಜಾಗದವರು ತಮ್ಮಷ್ಟಕ್ಕೆ ಮುಚ್ಚುವ ಹಾಗಿಲ್ಲ. ಜನರಿಗೆ ಇನ್ನು ಬೇಡ ಅಂತ ರದ್ದು ಮಾಡಬೇಕಿದ್ದರೂ ಸೆಕ್ಷನ್ 68ರಲ್ಲಿ ಅದಕ್ಕೆ ಬೇರೆಯೇ ಕ್ರಮ ಇದೆ, ಪ್ರಕಟಣೆ ಹೊರಡಿಸಿ ಆಕ್ಷೇಪ ಕೇಳಬೇಕು.

ಎರಡನೆಯದು ಖಾಸಗಿ ಜಾಗದ ಮೇಲಿನ ಮಾಮೂಲು ದಾರಿ. ನಮ್ಮ ಕಡೆಯ ಜಗಳಗಳಲ್ಲಿ ಬಹುಪಾಲು ಇದೇ. ಜಾಗ ಅವರದ್ದು, ನಡೆಯುವ ಹಕ್ಕು ನಿಮ್ಮದು. ಇದನ್ನು ನೋಡಿಕೊಳ್ಳುವುದು 1882ರ ಈಸ್‌ಮೆಂಟ್ ಕಾಯ್ದೆ. ಆಗ ನಾವು ಮದ್ರಾಸ್ ಪ್ರಾಂತ್ಯದಲ್ಲಿ ಇದ್ದ ಕಾರಣ ಈ ಕಾಯ್ದೆ ನಮ್ಮ ಜಿಲ್ಲೆಗೆ ಶುರುವಿನಿಂದಲೇ ಇದೆ. ಈ ಹಕ್ಕು ಬರುವುದು ಮುಖ್ಯವಾಗಿ ಮೂರು ರೀತಿಯಲ್ಲಿ. ಪತ್ರದಲ್ಲಿ ಬರೆದುಕೊಟ್ಟಿರಬಹುದು. ಒಂದೇ ಜಾಗ ಪಾಲಾದಾಗ ಅಥವಾ ಅದರ ಒಂದು ಭಾಗ ಮಾರಾಟ ಆದಾಗ ಬೇರೆ ದಾರಿಯೇ ಇಲ್ಲದೆ ಒಳಗೆ ಸಿಕ್ಕಿಬಿದ್ದ ಭಾಗಕ್ಕೆ 'ಅನಿವಾರ್ಯ ದಾರಿ' ಸಿಗಬಹುದು, ಅದು ಸೆಕ್ಷನ್ 13. ಅಥವಾ 20 ವರ್ಷ ಬಹಿರಂಗವಾಗಿ, ತಂಟೆ ತಕರಾರಿಲ್ಲದೆ, ನಡುವೆ ನಿಲ್ಲಿಸದೆ, ಹಕ್ಕಿನಿಂದ ನಡೆದಿದ್ದರೆ ಸೆಕ್ಷನ್ 15ರಲ್ಲಿ ಹಕ್ಕು ಬರುತ್ತದೆ. ದಾರಿ ಇರುವುದು ಸರಕಾರಿ ಜಾಗದಲ್ಲಾದರೆ 20ರ ಬದಲು 30 ವರ್ಷ.

ಅನಿವಾರ್ಯ ದಾರಿಗೂ 20 ವರ್ಷದ ದಾರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಇದನ್ನು ವಕೀಲರ ಹತ್ತಿರ ಸರಿಯಾಗಿ ಕೇಳಿಕೊಳ್ಳಿ. ಅನಿವಾರ್ಯ ದಾರಿ ಇರುವುದು ಬೇರೆ ದಾರಿ ಸಿಗುವ ತನಕ ಮಾತ್ರ. ಹಿಂದಿನಿಂದ ಪಂಚಾಯತ್ ರಸ್ತೆ ಬಂದು ನಿಮ್ಮ ಜಾಗಕ್ಕೆ ತಾಗಿತೋ, ಆ ಹಕ್ಕು ಅಲ್ಲಿಗೆ ಮುಗಿಯಿತು, ಸುತ್ತು ಜಾಸ್ತಿ ಅಂದರೂ ನಡೆಯುವುದಿಲ್ಲ. 20 ವರ್ಷದ ಹಕ್ಕು ಹಾಗಲ್ಲ, ಬೇರೆ ರಸ್ತೆ ಬಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹೋಗುವುದು 20 ವರ್ಷ ಉಪಯೋಗಿಸದೇ ಬಿಟ್ಟರೆ.

ಮೂರನೆಯದು ಬರೀ ಅನುಮತಿಯ ದಾರಿ. "ನಿಮ್ಮ ತೋಟದಲ್ಲಿ ಆಚೆ ಹೋಗಲಾ ಭಟ್ರೇ?" "ಅಡ್ಡಿಲ್ಲ, ಹೋಗಿ." ಇಷ್ಟೇ ಆಗಿದ್ದರೆ ಐವತ್ತು ವರ್ಷ ನಡೆದರೂ ಹಕ್ಕು ಹುಟ್ಟುವುದಿಲ್ಲ. ಕೊಟ್ಟವರು ವಾಪಸ್ ತೆಗೆದುಕೊಳ್ಳಬಹುದು. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ಕೇಳುವುದೇ "ನೀವು ಒಪ್ಪಿಗೆ ಕೇಳಿ ಹೋಗುತ್ತಿದ್ದಿರಲ್ಲವೇ?" ಅಂತ. ನಿಜ ಏನಿದೆಯೋ ಅದನ್ನು ಮೊದಲೇ ನಿಮ್ಮ ವಕೀಲರಿಗೆ ಹೇಳಿಬಿಡಿ.

ಇನ್ನು ನಾಲ್ಕನೆಯದು ಊರಿನ ಕಟ್ಟುಕಟ್ಟಳೆಯ ದಾರಿ. ದೈವದ ಭಂಡಾರ ಬರುವ ದಾರಿ, ಮೊಗವೀರರು ಕಡಲಿಗೆ ಇಳಿಯುವ ದಾರಿ, ಸ್ಮಶಾನಕ್ಕೆ ಹೋಗುವ ದಾರಿ. ಊರಿನ ರೂಢಿಯಿಂದ ಬಂದ ಹಕ್ಕಿಗೆ ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 18 ಇದೆ. ಭಂಡಾರದ ದಾರಿಗೆ ಬೇಲಿ ಹಾಕುವ ಧೈರ್ಯ ನಮ್ಮ ಕಡೆ ಯಾರಿಗೂ ಅಷ್ಟು ಸುಲಭಕ್ಕೆ ಬರುವುದಿಲ್ಲ, ಅದು ಬೇರೆ ಮಾತು. ಶಾಲೆ ಮಕ್ಕಳ ದಾರಿಗೂ ಅಷ್ಟೇ ಹೆದರಿಕೆ ಇದ್ದಿದ್ದರೆ ಚೆನ್ನಾಗಿತ್ತು.

ಮೂರು ಗಡುವುಗಳು

ಸುಮ್ಮನಾದವರೇ ಜಾಸ್ತಿ ಕಳೆದುಕೊಳ್ಳುತ್ತಾರೆ ಅಂದದ್ದು ಇದಕ್ಕೆ. ದಾರಿ ಮುಚ್ಚಿದ ದಿನದಿಂದ ಮೂರು ಲೆಕ್ಕ ಶುರುವಾಗುತ್ತದೆ.

ಮೂರು ತಿಂಗಳು: ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರ ಹತ್ತಿರ ದಾರಿ ಬಳಕೆಯ ವಿವಾದ ಅಂತ ಹೋಗಬೇಕಿದ್ದರೆ, ದೂರು ಅವರಿಗೆ ಮುಟ್ಟುವ ಹಿಂದಿನ ಮೂರು ತಿಂಗಳೊಳಗೆ ನೀವು ಆ ದಾರಿಯಲ್ಲಿ ನಡೆದಿರಬೇಕು. ಕೊಯ್ಲಿಗೆ, ಏಣೆಲು ಬೇಸಾಯಕ್ಕೆ ಅಂತ ಒಂದು ಕಾಲದಲ್ಲಿ ಮಾತ್ರ ಬಳಸುವ ದಾರಿಯಾದರೆ ಹಿಂದಿನ ಆ ಕಾಲದಲ್ಲಿ ಬಳಸಿರಬೇಕು.

ಒಂದು ವರ್ಷ: ಅಡ್ಡಿ ಮಾಡಿದ್ದು ಗೊತ್ತಾದ ಮೇಲೂ ಒಂದು ವರ್ಷ ಒಪ್ಪಿಕೊಂಡು ಸುಮ್ಮನಿದ್ದರೆ ನಿಮ್ಮ ಬಳಕೆ ಅಲ್ಲಿಗೆ ಕಡಿದ ಹಾಗೆ ಲೆಕ್ಕ.

ಎರಡು ವರ್ಷ: 20 ವರ್ಷದ ಬಳಕೆ ಅಂತ ಹೇಳುವಾಗ, ಆ 20 ವರ್ಷ ದಾವೆ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಬಂದು ಮುಗಿದಿರಬೇಕು. 1980ರಿಂದ 2010ರ ತನಕ ನಡೆದಿದ್ದೆವು, ಆಮೇಲೆ ಬಂದ್ ಆಯಿತು, ಈಗ ಕೇಸ್ ಹಾಕುತ್ತೇವೆ ಅಂದರೆ ಈ ಸೆಕ್ಷನ್ ಕೈ ಹಿಡಿಯುವುದಿಲ್ಲ.

ಹಾಗಾಗಿ ಮಾತುಕತೆ ನಡೆಯಲಿ, ಆದರೆ ಕ್ಯಾಲೆಂಡರ್ ಕಡೆ ಒಂದು ಕಣ್ಣಿರಲಿ. "ದೀಪಾವಳಿ ಆಗಲಿ, ಮಗನ ಮದುವೆ ಮುಗಿಯಲಿ, ಆಮೇಲೆ ಕೂತು ಮಾತಾಡುವ" ಅಂತ ಮುಂದೆ ಹಾಕಿಸುವವರು ಕೆಲವರು ಪಾಪ ನಿಜವಾಗಿಯೂ ಹೇಳುತ್ತಾರೆ, ಕೆಲವರು ಲೆಕ್ಕ ಹಾಕಿಯೇ ಹೇಳುತ್ತಾರೆ.

ಹಂತ 1: ಬೇಲಿ ಮುಟ್ಟಬೇಡಿ, ಫೋಟೋ ತೆಗೆಯಿರಿ

ಬೇಲಿ ಹಾಕಿದ್ದು ತಪ್ಪೇ ಇರಬಹುದು. ಆದರೂ ನೀವೇ ಕಿತ್ತು ಬಿಸಾಡುವ ಹಾಗಿಲ್ಲ. ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 36 ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಕಿತ್ತರೆ ನಿಮ್ಮ ಮೇಲೆಯೇ ಅತಿಕ್ರಮ ಪ್ರವೇಶ, ನಷ್ಟ ಅಂತ ಕೇಸ್ ಬೀಳುತ್ತದೆ, ಆಮೇಲೆ ರಾಜಿಯ ಮಾತಿನಲ್ಲಿ ಅದೇ ಅವರ ಕೈಯ ಅಸ್ತ್ರ ಆಗುತ್ತದೆ.

ಅದರ ಬದಲು ಮೊಬೈಲ್ ತೆಗೆಯಿರಿ. ದಾರಿ ಶುರುವಾಗುವಲ್ಲಿಂದ ಮನೆ ತನಕ ಒಂದೇ ವೀಡಿಯೋ ಮಾಡಿ. ಆಮೇಲೆ ಹತ್ತಿರದಿಂದ ಫೋಟೋ. ಮುರಕಲ್ಲಿನಲ್ಲಿ ಕಡಿದ ಮೆಟ್ಟಿಲಿದ್ದರೆ ಅದರ ನಡುಭಾಗ ಕಾಲು ಬಿದ್ದು ಬಿದ್ದು ತೇದು ತಗ್ಗಾಗಿರುತ್ತದೆ. ಅದರ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು, ಎಷ್ಟು ತಗ್ಗಿದೆ ಅಂತ ಕಾಣುವ ಹಾಗೆ ತೆಗೆಯಿರಿ. ತಡಮೆಯ ಕಲ್ಲು ಕೈ, ಕಾಲು ತಾಗಿ ನುಣ್ಣಗಾಗಿರುತ್ತದೆ. ಅಡಿಕೆ ಸಾಲು ದಾರಿ ಬಂದಲ್ಲಿ ನಿಂತು, ಆಚೆ ಬದಿಯಲ್ಲಿ ಮತ್ತೆ ಶುರುವಾಗುತ್ತದೆ. ಹಳೆಯ ಅಗಳು ದಾರಿಯ ಎರಡೂ ಬದಿಗೆ ಹೋಗಿರುತ್ತದೆ. ಮೆಸ್ಕಾಂ ಕಂಬಗಳು ಎಷ್ಟೋ ಕಡೆ ದಾರಿಯ ಬದಿಯಲ್ಲೇ ಸಾಲಾಗಿ ಇರುತ್ತವೆ. ಇಂಥ ಗುರುತುಗಳನ್ನು ಯಾರೂ ಒಂದು ರಾತ್ರಿಯಲ್ಲಿ ಹುಟ್ಟಿಸಲಿಕ್ಕೆ ಆಗುವುದಿಲ್ಲ, ಆದರೆ ಜೆಸಿಬಿ ತಂದರೆ ಒಂದು ಗಂಟೆಯಲ್ಲಿ ಅಳಿಸಬಹುದು. ಅದಕ್ಕೇ ಮೊದಲ ದಿನವೇ ಈ ಕೆಲಸ ಆಗಬೇಕು.

ಮೂಲ ಫೈಲುಗಳನ್ನು ಮೊಬೈಲಿನಿಂದ ಅಳಿಸಬೇಡಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ತಾರೀಕು, ಜಾಗದ ವಿವರ ಉಳಿಯುವುದಿಲ್ಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಬೇಕಾಗುತ್ತದೆ, ಅದನ್ನು ವಕೀಲರು ಮಾಡಿಸುತ್ತಾರೆ.

ಹಳೆಯ ಫೋಟೋಗಳನ್ನೂ ಹುಡುಕಿ. ಮದುವೆ ಆಲ್ಬಮ್ ತೆಗೆದು ನೋಡಿ, ದಿಬ್ಬಣ ಅದೇ ದಾರಿಯಲ್ಲಿ ನಡೆದು ಬರುವ ಫೋಟೋ ಒಂದಾದರೂ ಸಿಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಬಹುದು. ತೋಟದ ಒಳಗಿನ ದಾರಿ ಅದರಲ್ಲಿ ಕಾಣುವುದು ಕಷ್ಟ, ಬೈಲಿನದ್ದಾದರೆ ಚೆನ್ನಾಗಿ ಕಾಣುತ್ತದೆ.

ಹಂತ 2: ಕಾಗದ ಒಟ್ಟು ಮಾಡಿ

ಮೊದಲು ದಿಶಾಂಕ್ ಆ್ಯಪ್ ಹಾಕಿಕೊಂಡು ದಾರಿಯಲ್ಲಿ ನಡೆಯಿರಿ, ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಸ್ವಲ್ಪ ಆಚೀಚೆ ತೋರಿಸಬಹುದು, ಹಾಗಾಗಿ ಅದನ್ನೇ ಸಾಕ್ಷಿ ಅಂತ ಹಿಡಿದು ಜಗಳಕ್ಕೆ ಹೋಗಬೇಡಿ. ಯಾವ ಯಾವ ನಂಬರಿನ ದಾಖಲೆ ತೆಗೆಯಬೇಕು ಅಂತ ತಿಳಿಯಲು ಸಾಕು.

ಆಮೇಲೆ ಗ್ರಾಮ ನಕ್ಷೆ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಇಳಿಸಿಕೊಳ್ಳಬಹುದು. ಸಾಮಾನ್ಯವಾಗಿ ಒಂಟಿ ತುಂಡುಗೆರೆ ಕಾಲುದಾರಿ, ಜೋಡಿ ತುಂಡುಗೆರೆ ಬಂಡಿದಾರಿ. ನಕ್ಷೆಯ ಬದಿಯಲ್ಲಿ ಗುರುತಿನ ಪಟ್ಟಿ ಇದ್ದರೆ ಅದರ ಜೊತೆ ತಾಳೆ ನೋಡಿ. ನಿಮ್ಮ ದಾರಿ ಇದರಲ್ಲಿ ಕಂಡರೆ ಖುಷಿ ಪಡಿ, ಕೇಸ್ ಬಹಳ ಹಗುರ ಆಯಿತು.

ನಮ್ಮ ಎರಡು ಜಿಲ್ಲೆಗಳಲ್ಲಿ ಮದ್ರಾಸ್ ಕಾಲದ ಸರ್ವೆ ಪದ್ಧತಿ ಇದ್ದದ್ದರಿಂದ ಎಫ್‌ಎಂಬಿ ಸ್ಕೆಚ್ ಸಿಗುತ್ತದೆ. ದಾರಿ ಹಾದುಹೋಗುವ ಎಲ್ಲ ಸರ್ವೆ ನಂಬರುಗಳ ಎಫ್‌ಎಂಬಿಯ ದೃಢೀಕೃತ ಪ್ರತಿ ತೆಗೆಯಿರಿ, ಬರೀ ನಿಮ್ಮದು ಸಾಲದು. ಆರ್‌ಟಿಸಿಯಲ್ಲಿ ಎರಡು ಕಡೆ ಕಣ್ಣು ಹಾಕಿ: 3ನೇ ಕಾಲಮ್ಮಿನಲ್ಲಿ ಖರಾಬು ಬಿ ಅಂತ ಏನಾದರೂ ಇದೆಯೇ, 11ನೇ ಕಾಲಮ್ಮಿನಲ್ಲಿ ದಾರಿ ಹಕ್ಕು ಬರೆದಿದೆಯೇ. ಬಿ ಖರಾಬು ಅಂದರೆ ದಾರಿ, ತೋಡು, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು.

ಹಳೆಯ ಪತ್ರಗಳೇ ನಿಜವಾದ ನಿಧಿ. ನಿಮ್ಮ ಪತ್ರ ಮಾತ್ರ ನೋಡಿದರೆ ಸಾಲದು, ಎದುರಿನವರ ಪತ್ರವೂ ಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅವರ ಸರ್ವೆ ನಂಬರಿನ ಋಣಭಾರ ಪತ್ರ, ಅಂದರೆ ಇಸಿ ತೆಗೆದು, ಅದರಲ್ಲಿ ಕಂಡ ಪಾಲುಪಟ್ಟಿ, ಕ್ರಯಪತ್ರಗಳ ಪ್ರತಿಗೆ ಅರ್ಜಿ ಹಾಕಿ. ಚಕ್ಕುಬಂದಿಯಲ್ಲಿ "ಪಡುವಲು: ದಾರಿ" ಅಂತ ಒಂದು ಪದ ಇದ್ದರೂ ಸಾಕು, ಅವರದ್ದೇ ಪತ್ರ ದಾರಿ ಇತ್ತು ಅಂತ ಒಪ್ಪಿದ ಹಾಗೆ. "ಮಾಮೂಲು ದಾರಿ, ನೀರಿನ ಹಕ್ಕು ಸಮೇತ" ಎನ್ನುವ ಸಾಲು ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಆಗಾಗ ಕಾಣುತ್ತದೆ. ಅದು ಸಹಾಯ ಮಾಡುತ್ತದೆ, ಆದರೆ ಯಾವ ದಾರಿ, ಎಷ್ಟು ಅಗಲ ಅಂತ ಅದರಲ್ಲಿ ಇರುವುದಿಲ್ಲ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಪಂಚಾಯತ್ ಆ ದಾರಿಗೆ ಎಂದಾದರೂ ಹಣ ಹಾಕಿದೆಯೇ? ಮಣ್ಣು ಹಾಕಿದ್ದು, ಕಾಲುಸಂಕ ಮಾಡಿಸಿದ್ದು, ದಾರಿದೀಪ, ಕಾಂಕ್ರೀಟು? ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕಥೆ ಬರೆಯಬೇಡಿ. "ಇಂಥ ವಾರ್ಡಿನ ಇಂಥಲ್ಲಿಂದ ಇಂಥಲ್ಲಿಯ ತನಕದ ದಾರಿಗೆ ಮಾಡಿದ ಕಾಮಗಾರಿಗಳ ಕ್ರಿಯಾಯೋಜನೆ, ಬಿಲ್ಲು, ರಸ್ತೆ ದಾಖಲೆಯ ಪ್ರತಿ ಕೊಡಿ" ಅಂದರೆ ಸಾಕು.

ಕುಮ್ಕಿ ಬಗ್ಗೆ ಒಂದು ಮಾತು. "ಇದು ನನ್ನ ಕುಮ್ಕಿ, ಹಾಗಾಗಿ ಬೇಲಿ ಹಾಕಿದೆ" ಎನ್ನುವವರು ಬೇಕಾದಷ್ಟು ಜನ. ಕುಮ್ಕಿ ಸರಕಾರಿ ಜಾಗ. ಪಕ್ಕದ ವರ್ಗದಾರರಿಗೆ ಸೊಪ್ಪು, ಸೌದೆ, ಮೇವಿನಂಥ ಸವಲತ್ತು ಇದೆ, ಒಡೆತನ ಇಲ್ಲ. ಅಲ್ಲಿ ಹಿಂದಿನಿಂದ ಇರುವ ದಾರಿಗೆ ಗೇಟು ಹಾಕಿ ಬೀಗ ಜಡಿಯುವ ಹಕ್ಕು ಕುಮ್ಕಿಯಿಂದ ಬರುವುದಿಲ್ಲ.

ಹಂತ 3: ಹೋಗಿ ಮಾತಾಡಿ

ಕಾಗದ ಕೈಯಲ್ಲಿ ಇಟ್ಟುಕೊಂಡು ಹೋಗಿ, ಆದರೆ ಚಾವಡಿಗೆ ಹತ್ತಿದ ಕೂಡಲೇ ಅದನ್ನು ಬೀಸಬೇಡಿ. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋದರೆ ಒಳ್ಳೆಯದು. ದಾರಿ ಮುಚ್ಚಿದವರಿಗೆ ನಿಜವಾಗಿ ಏನು ತೊಂದರೆ ಅಂತ ಮೊದಲು ಕೇಳಿ. ಬಹಳ ಸಲ ಅವರ ಸಿಟ್ಟು ನಿಮ್ಮ ಮೇಲೆ ಇರುವುದೇ ಇಲ್ಲ. ದನ ನುಗ್ಗುತ್ತದೆ, ಅಡಿಕೆ ಕಳವಾಗುತ್ತದೆ, ರಾತ್ರಿ ಹುಡುಗರು ಬಾಟಲಿ ಹಿಡಿದು ಬಂದು ಕೂರುತ್ತಾರೆ, ಇಲ್ಲವೇ ತೋಟದ ನಡುವೆ ದಾರಿ ಹಾದುಹೋದರೆ ನಾಳೆ ಮನೆ ಕಟ್ಟಲು ಆಗುವುದಿಲ್ಲ. ಇವುಗಳಿಗೆಲ್ಲ ದಾರಿ ಮುಚ್ಚದೆಯೇ ಪರಿಹಾರ ಇದೆ.

"ಶೆಟ್ರೇ, ಗೇಟು ಹಾಕಿ, ನಮ್ಮದೇನೂ ತಕರಾರಿಲ್ಲ. ಬೀಗ ಮಾತ್ರ ಬೇಡ" ಅಂದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ದನಕ್ಕೆ ತಡಮೆ ಸಾಕು, ಮನುಷ್ಯ ದಾಟಬಹುದು, ದನ ದಾಟುವುದಿಲ್ಲ. ನಡುವಿನ ದಾರಿಯನ್ನು ಬದಿಗೆ ಸರಿಸಿ ಕೊಡುತ್ತೇನೆ ಅಂದರೆ, ಸುಮ್ನೆ ಹಟ ಹಿಡಿಯಬೇಡಿ. ಹೊಸ ದಾರಿ ಮಳೆಗಾಲದಲ್ಲೂ ನಡೆಯಲು ಬರುತ್ತದೆಯೇ ಅಂತ ನೋಡಿ, ಪತ್ರ ಮಾಡಿಸಿಕೊಂಡು ಒಪ್ಪಿ. ಬೇಸಿಗೆಯಲ್ಲಿ ಗದ್ದೆಯ ನಡುವೆ ತೋರಿಸಿದ ದಾರಿ ಆಟಿಯಲ್ಲಿ ಮೊಣಕಾಲು ಕೆಸರು ಆಗಿರುತ್ತದೆ, ತೋಡು ತುಂಬಿದರೆ ಕಾಲುಸಂಕದ ಮೇಲೆ ನೀರು ಹರಿಯುತ್ತದೆ. ಇದನ್ನು ಫೆಬ್ರವರಿಯಲ್ಲಿ ನೋಡಲು ಬಂದ ಯಾರಿಗೂ ಹೇಳಿ ಅರ್ಥ ಮಾಡಿಸಲು ಆಗುವುದಿಲ್ಲ, ಹಾಗಾಗಿ ಮಳೆಗಾಲದ ಫೋಟೋ ಕೂಡ ಇಟ್ಟುಕೊಳ್ಳಿ.

ಒಪ್ಪಂದ ಆದರೆ ಬಾಯಿಮಾತಿನಲ್ಲಿ ಬಿಡಬೇಡಿ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಆಯಿತು ಅಂತ ಹೇಳುವವರ ಮಾತೂ ಕೇಳಬೇಡಿ. ಜಾಗದ ಮೇಲಿನ ಹಕ್ಕಿನ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಎರಡೂ ಜಾಗದ ಸರ್ವೆ ನಂಬರು, ದಾರಿಯ ಉದ್ದ, ಅಗಲ, ಸ್ಕೆಚ್, ನಡೆಯಲು ಮಾತ್ರವೋ ವಾಹನಕ್ಕೂ ಸೇರಿಯೋ, ನೀರಿನ ಪೈಪು, ವಿದ್ಯುತ್ ತಂತಿ ಎಳೆಯಬಹುದೋ, ದುರಸ್ತಿ ಯಾರದ್ದು, ಇಷ್ಟು ಬರೆಸಿ. ದುರಸ್ತಿ ಖರ್ಚು ಸಾಮಾನ್ಯವಾಗಿ ದಾರಿ ಬಳಸುವವರದ್ದೇ.

ಹಂತ 4: ಸರಿಯಾದ ಬಾಗಿಲು ತಟ್ಟಿ

ಸಾರ್ವಜನಿಕ ದಾರಿಯಾದರೆ ಪಂಚಾಯತ್ ಪಿಡಿಒ ಮತ್ತು ತಹಶೀಲ್ದಾರರಿಗೆ ಒಟ್ಟಿಗೇ ಅರ್ಜಿ ಕೊಡಿ, ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿ, ಅದೇ ದಾರಿ ಬಳಸುವ ಎಲ್ಲ ಮನೆಯವರ ಸಹಿ ಹಾಕಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಸರಕಾರಿ ಜಾಗದ ಅತಿಕ್ರಮಣವನ್ನು ಭೂ ಕಂದಾಯ ಕಾಯ್ದೆಯಲ್ಲೇ ತೆರವು ಮಾಡಿಸಬಹುದು. ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿಯಲ್ಲಿ ಬರೆಸಿ. ಬರೆದರೋ ಇಲ್ಲವೋ ಅಂತ ನಿಂತು ನೋಡಿ.

ಇದರಲ್ಲೂ ಆಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 152. ಹಳೆಯ ಸಿಆರ್‌ಪಿಸಿಯಲ್ಲಿ ಇದು 133 ಆಗಿತ್ತು, 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಸಾರ್ವಜನಿಕ ದಾರಿಯ ಅಡ್ಡಿ ತೆಗೆಯಲು ಉಪವಿಭಾಗದ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಅಂದರೆ ನಮ್ಮ ಭಾಷೆಯಲ್ಲಿ 'ಎಸಿ', ಅಸಿಸ್ಟೆಂಟ್ ಕಮಿಷನರ್. ದಕ್ಷಿಣ ಕನ್ನಡದಲ್ಲಿ ಮಂಗಳೂರು ಮತ್ತು ಪುತ್ತೂರು, ಉಡುಪಿ ಜಿಲ್ಲೆಗೆ ಕುಂದಾಪುರ. ಎದುರಿನವರು "ಇದು ಸಾರ್ವಜನಿಕ ದಾರಿಯೇ ಅಲ್ಲ" ಅಂತ ನಂಬುವಂಥ ದಾಖಲೆ ಕೊಟ್ಟರೆ ಅವರು ಪ್ರಕರಣ ನಿಲ್ಲಿಸಿ, ಸಿವಿಲ್ ಕೋರ್ಟಿನ ತೀರ್ಮಾನಕ್ಕೆ ಬಿಡಬೇಕಾಗುತ್ತದೆ. ಅದಕ್ಕೇ ನಕ್ಷೆ ಇಲ್ಲದೆ ಅಲ್ಲಿಗೆ ಹೋಗಬೇಡಿ ಅನ್ನುವುದು.

ಖಾಸಗಿ ಜಾಗದ ಮಾಮೂಲು ದಾರಿಗೆ ಸಂಬಂಧಿಸಿ ಗಲಾಟೆ ಆಗುವ ಸ್ಥಿತಿ ಇದ್ದರೆ ಸೆಕ್ಷನ್ 166, ಹಿಂದಿನ 147. ಮೂರು ತಿಂಗಳ ಗಡುವು ಅಂದದ್ದು ಇದಕ್ಕೇ. ಇಲ್ಲಿ ಆಗುವ ಆದೇಶ ಸಿವಿಲ್ ಕೋರ್ಟಿನ ತೀರ್ಪಿಗೆ ಒಳಪಟ್ಟದ್ದು, ಕೊನೆಯ ಮಾತಲ್ಲ.

ಪೊಲೀಸರು ಯಾಕೆ ಕೈ ಹಾಕುವುದಿಲ್ಲ ಅಂತ ಕೇಳುತ್ತೀರಿ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285ರಲ್ಲಿ ಅಪರಾಧವೇ, 5,000 ರೂಪಾಯಿ ತನಕ ದಂಡ. ಖಾಸಗಿ ದಾರಿಯ ಮಟ್ಟಿಗೆ, ತನಗೆ ಮುಚ್ಚುವ ಹಕ್ಕಿದೆ ಅಂತ ಪ್ರಾಮಾಣಿಕವಾಗಿ ನಂಬಿ ಮುಚ್ಚಿದರೆ ಅದು ಅಕ್ರಮ ತಡೆ ಆಗುವುದಿಲ್ಲ ಅಂತ ಸೆಕ್ಷನ್ 126ರಲ್ಲಿಯೇ ವಿನಾಯಿತಿ ಇದೆ. ಹಾಗಾಗಿ ಅವರು "ಸಿವಿಲ್" ಅನ್ನುವುದರಲ್ಲಿ ಪೂರ್ತಿ ಸುಳ್ಳಿಲ್ಲ. ಆದರೂ ಒಂದು ದೂರು ಕೊಟ್ಟು ರಶೀದಿ ತೆಗೆದಿಟ್ಟುಕೊಳ್ಳಿ. ನೀವು ಸುಮ್ಮನಿರಲಿಲ್ಲ ಎನ್ನುವುದಕ್ಕೆ ಅದು ತಾರೀಕು ಇರುವ ಪುರಾವೆ.

ಹಂತ 5: ಸಿವಿಲ್ ಕೋರ್ಟು

ದಾವೆಯಲ್ಲಿ ಸಾಮಾನ್ಯವಾಗಿ ಕೇಳುವುದು ಮೂರು: ದಾರಿ ಹಕ್ಕು ಇದೆ ಅಂತ ಘೋಷಣೆ, ಮುಂದೆ ಅಡ್ಡಿ ಮಾಡದ ಹಾಗೆ ಶಾಶ್ವತ ತಡೆಯಾಜ್ಞೆ, ಈಗಾಗಲೇ ಕಟ್ಟಿದ್ದನ್ನು ತೆಗೆಸುವ ಆದೇಶ. ಜೊತೆಗೆ ತುರ್ತಾಗಿ ತಾತ್ಕಾಲಿಕ ತಡೆಯಾಜ್ಞೆಗೂ, ಸ್ಥಳ ನೋಡಲು ಕೋರ್ಟ್ ಕಮಿಷನರ್ ನೇಮಕಕ್ಕೂ ಅರ್ಜಿ ಹಾಕಿಸಿ. ನನ್ನ ಅಭಿಪ್ರಾಯದಲ್ಲಿ ದಾರಿ ಕೇಸುಗಳಲ್ಲಿ ಕಮಿಷನರ್ ವರದಿಯಷ್ಟು ತೂಕದ ಕಾಗದ ಬೇರೆ ಇಲ್ಲ. ಅವರು ಬರುವ ದಿನ ಹಿಂದೆ ಹೇಳಿದ ಮೆಟ್ಟಿಲು, ತಡಮೆ, ಅಗಳು, ಕಂಬ ಎಲ್ಲವನ್ನೂ ಒಂದೊಂದಾಗಿ ತೋರಿಸಿ, ಬರೆದುಕೊಳ್ಳಲು ಕೇಳಿ. ನೀವು ತೋರಿಸದ್ದನ್ನು ಅವರು ಹುಡುಕಿ ಬರೆಯುತ್ತಾರೆ ಅಂತ ಕಾಯಬೇಡಿ.

ಸಾಕ್ಷಿಗೆ ನಿಮ್ಮ ಭಾವ, ಮಾವ ಬೇಡ. ದಾರಿಯಲ್ಲಿ ನಡೆದ, ಆದರೆ ಅದರಿಂದ ಲಾಭ ಇಲ್ಲದ ಜನ ಬೇಕು: ನಿವೃತ್ತ ಪೋಸ್ಟ್‌ಮ್ಯಾನ್, ಹಾಲಿನ ಸೊಸೈಟಿಯವರು, ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ, ಹಿಂದೆ ಅಲ್ಲಿ ತೆಂಗಿನಕಾಯಿ ಕೊಯ್ಯುತ್ತಿದ್ದವರು. ಹಿರಿಯ ಸಾಕ್ಷಿಗಳನ್ನು ಬೇಗ ವಿಚಾರಣೆಗೆ ಕರೆಸಲು ವಕೀಲರಿಗೆ ಹೇಳಿ, ವಯಸ್ಸು ಕಾಯುವುದಿಲ್ಲ.

ಸರಕಾರವನ್ನೂ ಪಕ್ಷಗಾರ ಮಾಡುವುದಾದರೆ ಎರಡು ತಿಂಗಳ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಸೆಕ್ಷನ್ 80ರ ನೋಟಿಸ್ ಕೊಡಬೇಕು, ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೂ ಹಾಕಬಹುದು. ಹಣದ ತೊಂದರೆ ಇದ್ದರೆ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತವಾಗಿ ವಕೀಲರು ಸಿಗುತ್ತಾರೆ. ನಡುವೆ ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದೇ ಕೊನೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸ್. ನೆರೆಕರೆಯ ಜಗಳಕ್ಕೆ ಇದು ನಿಜಕ್ಕೂ ಒಳ್ಳೆಯ ದಾರಿ.

ನಡೆಯುವ ದಾರಿಯಲ್ಲಿ ರಿಕ್ಷಾ ಹೋಗಬಹುದಾ?

ಇವತ್ತಿನ ಜಗಳ ಬಹುಪಾಲು ಇದೇ. ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆ ಸೇರುವುದಿಲ್ಲ ಅಂತ ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 28 ಹೇಳುತ್ತದೆ. 20 ವರ್ಷ ನಡೆದದ್ದರಿಂದ ನಡೆಯುವ ಹಕ್ಕು ಬಂದಿರುತ್ತದೆ, ಜೀಪು ಬಿಡುವ ಹಕ್ಕು ಬಂದಿರುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದಾಗ, ಆ್ಯಂಬುಲೆನ್ಸ್ ಡಾಮರು ರಸ್ತೆಯಲ್ಲೇ ನಿಂತು ಕುರ್ಚಿಯಲ್ಲಿ ಹೊತ್ತು ತರಬೇಕಾದಾಗ ಇದು ಎಷ್ಟು ಕ್ರೂರ ಅನಿಸುತ್ತದೆ ಅಂತ ಗೊತ್ತು. ಆದರೂ ರಾತ್ರಿ ಜೆಸಿಬಿ ತಂದು ಅಗಲ ಮಾಡಿದರೆ ಇರುವ ಕಾಲುದಾರಿಯ ಕೇಸೂ ಹಾಳಾಗುತ್ತದೆ. ಅಗಲದ ದಾರಿ ಬೇಕಿದ್ದರೆ ಕ್ರಯ ಕೊಟ್ಟು ಅಷ್ಟು ಸೆಂಟ್ಸ್ ಕೊಂಡುಕೊಳ್ಳುವುದು, ಅಥವಾ ಬದಲಿಗೆ ಜಾಗ ಬಿಟ್ಟುಕೊಡುವುದು, ಅಥವಾ ಎಲ್ಲ ಮನೆಯವರು ಒಪ್ಪಿ ಪಂಚಾಯತ್‌ಗೆ ಬರೆದುಕೊಡುವುದು. ಇದರಲ್ಲಿ ಮೊದಲನೆಯದೇ ಗಟ್ಟಿ.

ಜಾಗದವರಿಗೂ ಎರಡು ಮಾತು

ದಾರಿ ಕೊಟ್ಟರೆ ಜಾಗವೇ ಹೋಯಿತು ಅಂತ ಹೆದರಬೇಡಿ. ಒಡೆತನ ನಿಮ್ಮದೇ ಇರುತ್ತದೆ. ಜನ ತೋಟದಲ್ಲಿ ಬೇಕಾದ ಕಡೆ ಓಡಾಡುತ್ತಿದ್ದರೆ, ಅವರಿಗೆ ತೊಂದರೆ ಆಗದ ಹಾಗೆ ಒಂದೇ ಗೆರೆಯಲ್ಲಿ ಹೋಗಿ ಅಂತ ಕೇಳುವ ಹಕ್ಕು ಅದೇ ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 22ರಲ್ಲಿ ನಿಮಗಿದೆ. ಉಪಕಾರಕ್ಕೆ ಮಾತ್ರ ಬಿಡುತ್ತಿದ್ದೀರಿ ಅಂತಾದರೆ ಶುರುವಿನಲ್ಲೇ ಅನುಮತಿ ಪತ್ರ ಬರೆದು ಇಬ್ಬರೂ ಸಹಿ ಹಾಕಿ. ಮೂವತ್ತು ವರ್ಷ ಸುಮ್ಮನಿದ್ದು, ಸೈಟು ಮಾಡಿ ಮಾರುವ ಯೋಚನೆ ಬಂದ ಮೇಲೆ "ಅದು ಬರೀ ಉಪಕಾರ" ಅಂದರೆ ಯಾರೂ ನಂಬುವುದಿಲ್ಲ.

ಗುಡ್ಡೆ, ಕಾಡು, ಕಡಲು

ಭಾನುವಾರ ಬೆಳಗ್ಗೆ ಸುಮ್ನೆ ಗುಡ್ಡೆ ಹತ್ತುವವರಿಗೆ: ಖಾಲಿ ಕಾಣುವ ಗುಡ್ಡೆಯೆಲ್ಲ ಸಾರ್ವಜನಿಕ ಅಲ್ಲ. ಅರ್ಧ ಯಾರದ್ದೋ ವರ್ಗ, ಇನ್ನರ್ಧ ಕುಮ್ಕಿ, ಮೇಲೆ ಅರಣ್ಯ ಇರಬಹುದು. ಬೇಲಿ ಇಲ್ಲದಿದ್ದರೂ ಹತ್ತಿರದ ಮನೆಯಲ್ಲಿ ಒಂದು ಮಾತು ಕೇಳಿ ಹೋಗಿ. ಮೀಸಲು ಅರಣ್ಯಕ್ಕೆ, ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಅನುಮತಿ ಇಲ್ಲದೆ ನುಗ್ಗುವುದು ಅಪರಾಧ. ನೇತ್ರಾವತಿ ಶಿಖರ, ಕುಮಾರ ಪರ್ವತದಂಥ ಚಾರಣಕ್ಕೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ಮುಂಚೆಯೇ ಬುಕ್ ಮಾಡಬೇಕು, ಬಂದ್ ಆಗಿರುವ ತಿಂಗಳು ಯಾವುದು ಅಂತಲೂ ಅಲ್ಲೇ ನೋಡಿಕೊಳ್ಳಿ. ಕಾಡಿನೊಳಗೆ ಇರುವ ಮಲೆಕುಡಿಯರಂಥ ಸಮುದಾಯಗಳ ವಿಷಯವೇ ಬೇರೆ: ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(2)ರಲ್ಲಿ, ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆಯಂಥ ಸೌಲಭ್ಯಕ್ಕೆ ಪ್ರತಿ ಕಾಮಗಾರಿಗೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಕೊಡಲು ಅವಕಾಶ ಇದೆ. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ.

ಕಡಲ ಕರೆಯಲ್ಲಿ ನೀರಿನ ಇಳಿತ ಭರತದ ನಡುವಿನ ಮರಳು ಯಾವ ರೆಸಾರ್ಟಿನದ್ದೂ ಅಲ್ಲ, ಅಲ್ಲಿ ನಡೆಯುವವರನ್ನು ತಡೆಯುವ ಹಾಗಿಲ್ಲ. ಆದರೆ ರಸ್ತೆಯಿಂದ ಮರಳಿನ ತನಕ ಇರುವ ತೆಂಗಿನ ತೋಟದ ದಾರಿ ಬೇರೆ ವಿಷಯ, ಅದು ಸಾರ್ವಜನಿಕವೋ ಖಾಸಗಿಯೋ ಅಂತ ಮತ್ತೆ ನಕ್ಷೆಯಲ್ಲೇ ನೋಡಬೇಕು. ದೋಣಿ, ಬಲೆ ಹೊತ್ತು ಹೋಗುತ್ತಿದ್ದ ದಾರಿಯಾದರೆ ರೂಢಿಯ ಹಕ್ಕು ಗಟ್ಟಿ ಇರುತ್ತದೆ, ಮೀನುಗಾರರ ಹಳೆಯ ಮನೆಗಳಲ್ಲಿ ವಿಚಾರಿಸಿ.

ಜಾಗ ಕೊಳ್ಳುವವರಿಗೆ

ಬ್ರೋಕರ್ "ರಸ್ತೆ ಉಂಟು" ಅಂದರೆ, ಯಾರ ಜಾಗದಲ್ಲಿ ಉಂಟು ಅಂತ ಕೇಳಿ. ಡಾಮರು ರಸ್ತೆಯಿಂದ ಜಾಗದ ಗಡಿಯ ತನಕ ಹಾದುಹೋಗುವ ಪ್ರತಿ ಸರ್ವೆ ನಂಬರಿನ ಆರ್‌ಟಿಸಿ, ಎಫ್‌ಎಂಬಿ ನೋಡಿ. ಒಂದು ಸರ್ವೆ ನಂಬರಿನ ಭಾಗ ಕೊಳ್ಳುವುದಾದರೆ 11ಇ ಸ್ಕೆಚ್ (ಕೊಳ್ಳುವ ಭಾಗವನ್ನು ಅಳತೆ ಮಾಡಿ ತೋರಿಸುವ ನಕ್ಷೆ) ಮಾಡಿಸುವಾಗಲೇ ದಾರಿಯನ್ನು ಗುರುತಿಸಿ, ಕ್ರಯಪತ್ರದಲ್ಲಿ ಅಗಲ ಸಮೇತ ಬರೆಸಿ. ದಾರಿ ಬೇರೆಯವರ ಜಾಗದಲ್ಲಿದ್ದರೆ ಮಾರುವವರು ಏನು ಬರೆದುಕೊಟ್ಟರೂ ಉಪಯೋಗ ಇಲ್ಲ, ಆ ಜಾಗದವರೇ ಬಂದು ಸಹಿ ಹಾಕಬೇಕು. ಅವರು ಬರುವುದಿಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.